ಝಾಲರಿ ಬಂದ ಮೇಲೆ: ಯಲ್ಲಾಪುರದಿಂದ ಕಾರವಾರಕ್ಕೆ ಐದು ದಿನ

ನನಗೆ ಆಗ ಹನ್ನೊಂದು ವರ್ಷ. ದಸರಾ ರಜೆಗೆ ಶಿರಸಿ ಹತ್ತಿರದ ಅತ್ತೆಯ ಮನೆಗೆ ಹೋದಾಗ ಅವಳೇ ನನಗೆ ಕ್ರೋಶಾ, ಅಂದರೆ ಕೊಕ್ಕೆ ಸೂಜಿಯ ಹೆಣಿಗೆ, ಕಲಿಸಿದಳು. ಮೊದಲು ಹಾಕಲು ಕೂತಿದ್ದು ಹಾಲಿನ ಪಾತ್ರೆಗೆ ಮುಚ್ಚುವ ಗೋಲ ಬಟ್ಟೆ. ಐದು ಸುತ್ತು ಚೆಂದಕ್ಕೆ ಬಂತು. ಆರನೇ ಸುತ್ತಿಗೆ ಅಂಚು ಅಲೆ ಅಲೆಯಾಗಿ ಮೇಲೆದ್ದಿತು. ಅತ್ತೆ ಅದನ್ನು ಅಂಗೈ ಮೇಲಿಟ್ಟು ನೋಡಿ, "ಝಾಲರಿ ಬಂತಲೇ ಕೂಸೆ. ಹೊಲಿಗೆ ಜಾಸ್ತಿ ಆಯ್ದು, ಬಿಚ್ಚು" ಅಂದಳು. ಅಳು ಬಂದರೂ ಬಿಚ್ಚಿದೆ. ಕಲಿಯುವಾಗ ಹಾಗೇ ಅಲ್ವಾ, ತಪ್ಪಿದರೆ ಬಿಚ್ಚಬೇಕು.

ಆ ಝಾಲರಿಗೆ ಗಣಿತದಲ್ಲಿ ಒಂದು ಹೆಸರಿದೆ. ಅದನ್ನು ಬಿಚ್ಚದೆ ಹಾಗೇ ಮುಂದುವರಿಸಿದವರು ಇದ್ದಾರೆ. ಅಂಥ ಝಾಲರಿ ವೆನಿಸ್‌ವರೆಗೂ ಹೋಗಿದೆ. ಇದೆಲ್ಲ ನನಗೆ ಗೊತ್ತಾಗಿದ್ದು ಇತ್ತೀಚೆಗೆ, ಅದೂ ನನ್ನ ಗೆಳತಿಯಿಂದ. ಅವಳು ಅಂಕೋಲಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. "ಡಿಸೆಂಬರಿನಲ್ಲಿ ಬಾ, ನಮ್ಮ ಉತ್ತರ ಕನ್ನಡ ಜಿಲ್ಲೆ ಸುತ್ತೋಣ. ದಾರ ಹಿಡಿದ ಕೈಗಳನ್ನು ಮಾತ್ರ ನೋಡೋಣ. ದೇವಸ್ಥಾನ, ಜಲಪಾತ ಇನ್ನೊಂದು ಸಲಕ್ಕಿರಲಿ" ಅಂದಳು. ನಾನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಹೊರಟೆ. ಅವಳು ಕಾರು ತಗೊಂಡು ಯಲ್ಲಾಪುರಕ್ಕೆ ಬಂದಳು. ನನ್ನ ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರ ತುಂಬ ಉಲ್ಲನ್ ಉಂಡೆ.

ದಿನ 1: ಯಲ್ಲಾಪುರ

ಪೇಟೆ ಬಿಟ್ಟು ಅರ್ಧ ಗಂಟೆ ಕಾಡಿನ ದಾರಿ. ಸಾಗುವಾನಿ ಮುಗಿದು ಗದ್ದೆ ಬಯಲು ಬಂತು. ಅದರಾಚೆ ನಾಲ್ಕಾರು ಹಂಚಿನ ಮನೆ. ಗೆಳತಿಯ ಹಳೇ ವಿದ್ಯಾರ್ಥಿನಿಯೊಬ್ಬಳ ಮನೆ ಅದು. ಅವಳ ತಾಯಿಯನ್ನು ಮನೆಮಂದಿಯೆಲ್ಲ ಆಯಿ ಅಂತಾರೆ, ನಾವೂ ಹಾಗೇ ಕರೆದೆವು.

ಇವರು ಸಿದ್ದಿಗಳು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಈ ಕಡಲ ದಡಕ್ಕೆ ಬಂದವರ, ಅದರಲ್ಲೂ ಬಹಳಷ್ಟು ಜನ ಗುಲಾಮರಾಗಿ ಬಂದವರ ಪೀಳಿಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ಕರ್ನಾಟಕದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಇವರಲ್ಲಿ ಹಿಂದೂಗಳಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ, ಮುಸ್ಲಿಮರಿದ್ದಾರೆ. ಕೌದಿ ಮಾತ್ರ ಎಲ್ಲರದ್ದೂ ಒಂದೇ.

ಕೌದಿ ನಮ್ಮ ಹುಬ್ಬಳ್ಳಿ ಕಡೆಗೂ ಹೊಸದಲ್ಲ. ಆದರೆ ಆಯಿ ಹೊಲಿಯುವುದನ್ನು ನೋಡಿ ನಾನು ಕೂತಲ್ಲೇ ಕೂತೆ. ನೆಲದ ಮೇಲೆ ಹಳೇ ಸೀರೆ ಹಾಸಿದ್ದರು. ಒಂದು ಮೂಲೆಯಿಂದ ಶುರು. ಅಂಚು ಮಡಚಿ, ಅದರ ಮೇಲೆ ತುಂಡು ಬಟ್ಟೆ ಇಟ್ಟು, ದಪ್ಪ ನೂಲಿನಲ್ಲಿ ಸರಸರ ಸಾದಾ ಹೊಲಿಗೆ. ಅಂಚಿನ ಉದ್ದಕ್ಕೂ ಹೋಗಿ ಮೂಲೆಯಲ್ಲಿ ತಿರುಗಬೇಕು. ಮತ್ತೆ ಮುಂದಿನ ಅಂಚು. ಹೀಗೆ ಸುತ್ತುತ್ತಾ ಸುತ್ತುತ್ತಾ ಒಳಕ್ಕೆ, ನಡುವಿನವರೆಗೆ. ಮೊದಲೇ ತುಂಡುಗಳನ್ನು ಜೋಡಿಸಿಟ್ಟುಕೊಂಡು ಹೊಲಿಯುವ ಪದ್ಧತಿ ಇಲ್ಲ. ಸೂಜಿ ಎಲ್ಲಿಗೆ ಬಂತೋ ಅಲ್ಲಿಗೆ ಯಾವ ಬಟ್ಟೆ ಅನ್ನೋದು ಆಗಲೇ ತೀರ್ಮಾನ.

"ಯಾವ ಬಣ್ಣ ಎಲ್ಲಿ ಬರಬೇಕು ಅಂತ ಮೊದಲೇ ಹೇಗೆ ಗೊತ್ತಾಗುತ್ತೆ ಆಯಿ?" ಅಂತ ಕೇಳಿದೆ.

"ಗೊತ್ತಿರೂದಿಲ್ಲ. ಕೈ ಹೋದಂಗೆ" ಅಂದರು.

ಬಟ್ಟೆಯ ಗಂಟಿನಿಂದ ಒಂದು ನೀಲಿ ತುಂಡು ತೆಗೆದರು. ಮಗನ ಶಾಲೆಯ ಅಂಗಿ. ಅದರ ಪಕ್ಕಕ್ಕೆ ಗಂಡನ ಲುಂಗಿಯ ಚೌಕಳಿ. ಆಮೇಲೆ ಯಾರದ್ದೋ ಮದುವೆಗೆ ಉಟ್ಟಿದ್ದ ಕೆಂಪು ಸೀರೆಯ ಸೆರಗು. ಈ ದೊಡ್ಡ ತುಂಡುಗಳ ಮೇಲೆ ಬೆರಳಗಲದ ಸಣ್ಣ ಸಣ್ಣ ಚೌಕ ಇಟ್ಟು ಹೊಲಿಯುತ್ತಾರೆ. ಅದು ತಿಕ್ಲಿ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ಮುಮ್ಮೂಲೆಯ ಹೂ. ಅದು ಫೂಲ. ಫೂಲ ಇಡದಿದ್ದರೆ ಕೌದಿ ಬತ್ತಲೆ ಇದ್ದಂತೆ.

ಹತ್ತಿರ ಬಗ್ಗಿ ನೋಡಿದೆ. ಹೊಲಿಗೆಯ ಸಾಲು ಒಂದೂ ನೆಟ್ಟಗಿಲ್ಲ. ತುಂಡು ದಪ್ಪ ಇದ್ದಲ್ಲಿ ಸಾಲು ಸ್ವಲ್ಪ ಬಾಗುತ್ತದೆ. ಪಕ್ಕದ ಸಾಲು ಅದಕ್ಕೆ ಒಪ್ಪಿಕೊಂಡು ತಾನೂ ಬಾಗುತ್ತದೆ. ಮುಂದಿನದೂ ಹಾಗೇ. ನೀರಿನಲ್ಲಿ ಕಲ್ಲು ಇದ್ದಲ್ಲಿ ಹರಿವು ತಿರುಗಿದಂತೆ ಇಡೀ ಕೌದಿಯ ಮೇಲೆ ಹೊಲಿಗೆ ಹರಿದಿತ್ತು. ನಾನು ಕಲಿತ ಹೊಲಿಗೆ ಕ್ಲಾಸಿನಲ್ಲಿ ಇದನ್ನು ಖಂಡಿತ ಬಿಚ್ಚಿಸುತ್ತಿದ್ದರು.

ಇವೇ ಕೌದಿಗಳು ಈಗ ಅಮೆರಿಕದ ಗ್ಯಾಲರಿಗಳ ಗೋಡೆಯ ಮೇಲೂ ತೂಗಿವೆ. ಹೆನ್ರಿ ಡ್ರೂವಲ್ ಅನ್ನುವ ಅಮೆರಿಕದ ಕಲಾ ಇತಿಹಾಸಕಾರರು ಇಲ್ಲಿಗೆ ಬಂದು ಇವರ ಕೆಲಸದ ಬಗ್ಗೆ ಬರೆದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಶುರುವಾಗುವುದಕ್ಕೂ ಜೊತೆಯಾದರು. ಅದಕ್ಕೆ ಎರಡು ವರ್ಷ ಮೊದಲು, 2002ರಲ್ಲಿ, ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಅನ್ನುವ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಹೋಗಿದ್ದವು. ಎರಡೂ ಕಡೆ ಹಳೇ ಬಟ್ಟೆ, ಎರಡೂ ಕಡೆ ಆಫ್ರಿಕಾದ ಬೇರು. ಒಬ್ಬರನ್ನೊಬ್ಬರು ನೋಡದ ಕೈಗಳು ಅವು.

ಹೊರಡುವಾಗ ಆಯಿ ಚಹಾ ಕೊಟ್ಟರು. ಸೂಜಿಯನ್ನು ಕೌದಿಗೇ ಚುಚ್ಚಿಟ್ಟಿದ್ದರು. ನಡುವೆ ಇನ್ನೂ ಒಂದು ಮೊಳ ಖಾಲಿ ಇತ್ತು.

ದಿನ 2: ಶಿರಸಿ

ಅತ್ತೆಗೆ ಈಗ ಎಪ್ಪತ್ತು ದಾಟಿದೆ. ನಾವು ಹೋದಾಗ ನೆನೆಸಿದ ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಾ ಕೂತಿದ್ದಳು. ಕ್ರೋಶಾ ಬಿಟ್ಟು ತುಂಬ ದಿನ ಆಗಿದೆಯಂತೆ, ಕಣ್ಣು ಸರಿ ಕಾಣುವುದಿಲ್ಲ. ಹೂ ಕಟ್ಟಲು ಕಣ್ಣು ಬೇಡ. ಎರಡು ಹೂ ಈಚೆ, ಎರಡು ಆಚೆ, ನಾರು ಒಂದು ಸುತ್ತು ಬಂದು ಬೆರಳಿನ ಕೊಂಡಿಯೊಳಗೆ ನುಸುಳಿ ಬಿಗಿಯಾಗುತ್ತದೆ.

ಊಟ ಆದ ಮೇಲೆ ಅಟ್ಟ ಹತ್ತಿ ಹಳೇ ನೆಲವು ಹುಡುಕಿದೆ. ಹಿಂದೆ ಬೆಣ್ಣೆ, ಮೊಸರಿನ ಗಡಿಗೆಯನ್ನು ಬೆಕ್ಕಿಗೂ ಇರುವೆಗೂ ಸಿಗದ ಹಾಗೆ ಜಂತಿಗೆ ತೂಗುಹಾಕುತ್ತಿದ್ದರಲ್ಲ, ಆ ಹಗ್ಗದ ಬುಟ್ಟಿ. ಅಜ್ಜಿ ಮಾಡಿದ್ದು. ಹೊಗೆಗೆ ಕಪ್ಪಾಗಿದೆ. ಸೂಜಿ ಇಲ್ಲ, ಕಡ್ಡಿ ಇಲ್ಲ, ಬರೀ ತೆಂಗಿನ ನಾರು ಮತ್ತು ಗಂಟು. ಖಾಲಿ ಇರುವಾಗ ಮುದ್ದೆಯಾಗಿ ಬೀಳುತ್ತದೆ. ಗಡಿಗೆ ಇಟ್ಟ ಕೂಡಲೇ ಮೈ ತುಂಬಿಕೊಂಡು ನಿಲ್ಲುತ್ತದೆ.

ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾಗಿದ್ದು ಮೃಣಾಲಿನಿ ಮುಖರ್ಜಿ. 1949ರಲ್ಲಿ ಹುಟ್ಟಿದವರು, ಬರೋಡಾದಲ್ಲಿ ಕಲಾವಿದ ಕೆ.ಜಿ. ಸುಬ್ರಮಣ್ಯನ್ ಅವರ ಶಿಷ್ಯೆ. ಶಿಲ್ಪಿಗಳು ಕಲ್ಲು, ಕಂಚು ಹಿಡಿದಿದ್ದ ಕಾಲದಲ್ಲಿ ಇವರು ಹಿಡಿದಿದ್ದು ಸೆಣಬಿನಂಥ ನಾರಿನ ಹಗ್ಗ. ಹಗ್ಗಕ್ಕೆ ಬಣ್ಣ ಹಾಕಿ, ಕೈಯಲ್ಲೇ ಗಂಟು ಹಾಕುತ್ತಾ ಹಾಕುತ್ತಾ ಆಳೆತ್ತರ ಮೀರಿದ ಯಕ್ಷಿ, ವನಶ್ರೀಯರನ್ನು ನಿಲ್ಲಿಸಿದರು. ಮೊದಲು ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುತ್ತಿರಲಿಲ್ಲ. ಯಲ್ಲಾಪುರದ ಆಯಿ ಹೇಳಿದ ಹಾಗೇ, ಕೈ ಹೋದಂತೆ. ನೇರಳೆ, ಸಾಸಿವೆ, ಕಡುಗೆಂಪು ಬಣ್ಣದ ಹಗ್ಗ ಮಡಿಕೆ ಮಡಿಕೆಯಾಗಿ ಇಳಿದು ಹೂವೂ ಆಗುತ್ತದೆ, ದೇವಿಯೂ ಆಗುತ್ತದೆ. ಅವರು ತೀರಿಕೊಂಡಿದ್ದು 2015ರಲ್ಲಿ. ನ್ಯೂಯಾರ್ಕಿನ ಮೆಟ್ ಬ್ರೂಯರ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನ ಆಗಿದ್ದು 2019ರಲ್ಲಿ. ಬದುಕಿದ್ದಾಗಲೇ ಆಗಬೇಕಿತ್ತು ಅಂತ ನನಗೆ ಈಗಲೂ ಸಂಕಟ ಆಗುತ್ತದೆ. ಹಗ್ಗದ ಕೆಲಸ ಅಂದರೆ ಕರಕುಶಲ, ಕಲ್ಲಿನ ಕೆಲಸ ಅಂದರೆ ಕಲೆ ಅನ್ನೋ ಲೆಕ್ಕ ಬಹಳ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ.

ಸಂಜೆ ಜಗುಲಿಯಲ್ಲಿ ಗೆಳತಿಯ ಪಾಠ. ಅಂಗಳದ ಕೋಳಿಜುಟ್ಟಿನ ಹೂವೊಂದನ್ನು ಕಿತ್ತು ತಂದಳು. "ಇದರ ಅಂಚು ಯಾಕೆ ಹೀಗೆ ಮುದುಡಿದೆ ಹೇಳು? ಬುಡಕ್ಕಿಂತ ಅಂಚು ಜಾಸ್ತಿ ಬೆಳೆದಿದೆ. ಅಷ್ಟು ಅಂಚಿಗೆ ಮಟ್ಟಸವಾಗಿ ಮಲಗಲು ಜಾಗ ಸಾಲಲ್ಲ. ಅದಕ್ಕೇ ಅಲೆ."

ಕ್ರೋಶಾ ಹಾಕುವವರಿಗೆ ಈ ಲೆಕ್ಕ ಕೈಯಲ್ಲೇ ಇರುತ್ತದೆ. ಸಾದಾ ಹೊಲಿಗೆಯಲ್ಲಿ ಗೋಲ ಹಾಕುವಾಗ ಮೊದಲ ಸುತ್ತಿಗೆ 6, ಆಮೇಲೆ 12, 18, 24. ಸುತ್ತಿಗೆ ಆರು ಹೆಚ್ಚಿಸಿದರೆ ತಟ್ಟೆಯ ಹಾಗೆ ಮಲಗುತ್ತದೆ. ಕಡಿಮೆ ಹೆಚ್ಚಿಸಿದರೆ ಟೊಪ್ಪಿ ಆಗುತ್ತದೆ. ಜಾಸ್ತಿ ಹೆಚ್ಚಿಸಿದರೆ ಝಾಲರಿ. ಲಾಟ್ವಿಯಾದಿಂದ ಬಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಡೈನಾ ಟೈಮಿನಾ 1997ರಲ್ಲಿ ಮಾಡಿದ್ದು ಇದನ್ನೇ. ಹೈಪರ್ಬಾಲಿಕ್ ಜ್ಯಾಮಿತಿ ಅಂತ ಒಂದಿದೆ. ಅದರ ಬಯಲು ಎಲ್ಲ ಕಡೆಗೂ ಝಾಲರಿಯ ಹಾಗೆ ಹರಡುತ್ತಲೇ ಹೋಗುತ್ತದೆ. ಅದನ್ನು ಮಕ್ಕಳಿಗೆ ತೋರಿಸಲು ಕಾಗದದ ಮಾದರಿ ಇತ್ತು, ಕೈಯಾಡಿಸಿದರೆ ಹರಿದುಹೋಗುತ್ತಿತ್ತು. ಟೈಮಿನಾ ಕ್ರೋಶಾ ಸೂಜಿ ತಗೊಂಡರು. ಇಷ್ಟು ಹೊಲಿಗೆಗೆ ಒಂದು ಹೆಚ್ಚಿಗೆ ಅಂತ ಲೆಕ್ಕ ಇಟ್ಟುಕೊಂಡು, ಆ ಲೆಕ್ಕವನ್ನು ಬಿಡದೆ ಹಾಕುತ್ತಾ ಹೋದರು.

ನಾನೂ ಅಲ್ಲೇ ಶುರು ಮಾಡಿದೆ. ಎರಡು ಹೊಲಿಗೆಗೆ ಒಂದು ಹೆಚ್ಚಿಗೆ. 20ರಿಂದ 30. ಆಮೇಲೆ 45, 67, 100, 150, 225, 337. ಎಂಟು ಸಾಲಿಗೆ 337! ಮಟ್ಟಸ ಗೋಲದಲ್ಲಿ ಎಂಟನೇ ಸುತ್ತಿಗೆ ಇರುವುದು ಬರೀ 48. ಐದನೇ ಸಾಲಿಗೇ ಅಂಚು ಎದ್ದು ನಿಂತಿತು. ಎಂಟು ಮುಗಿಯುವಷ್ಟರಲ್ಲಿ ರಾತ್ರಿ ಹತ್ತು.

ಗೆಳತಿ ಅದರ ಮೇಲೆ ಕೆಂಪು ದಾರದಲ್ಲಿ ಒಂದು ಗೆರೆ ಹೊಲಿದಳು. ಗೆರೆಯಿಂದ ದೂರ ಒಂದು ಚುಕ್ಕೆ ಇಟ್ಟಳು. ಆ ಚುಕ್ಕೆಯ ಮೂಲಕ ಮೂರು ಬೇರೆ ಗೆರೆ. ಒಂದೊಂದು ಗೆರೆಯ ಗುಂಟ ಮಡಚಿದರೆ ನೆಟ್ಟಗೆ ಮಡಚುತ್ತದೆ, ಅಂದರೆ ಎಲ್ಲವೂ ನೇರ ಗೆರೆಯೇ. ಆದರೆ ಮೂರರಲ್ಲಿ ಒಂದೂ ಮೊದಲ ಗೆರೆಯನ್ನು ಮುಟ್ಟುವುದಿಲ್ಲ. ಶಾಲೆಯ ಪುಸ್ತಕದಲ್ಲಿ ಒಂದು ಚುಕ್ಕೆಗೆ ಸಮಾಂತರ ರೇಖೆ ಒಂದೇ. ಇಲ್ಲಿ ಎಷ್ಟು ಬೇಕಾದರೂ ಎಳೆಯಬಹುದು.

ಅತ್ತೆ ಅದನ್ನು ತಡವಿ ತಡವಿ ನೋಡಿದಳು. "ಹಂಗಾರೆ ಅವತ್ತು ನೀ ಹಾಕಿದ್ದು ತಪ್ಪಲ್ಲ ಹೇಳಿ ಆತಲೆ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಹಾಲಿನ ಪಾತ್ರೆ ಮೇಲೆ ಅದು ಕೂರ್ತಿತ್ತಿಲ್ಲೆ."

ಎರಡೂ ನಿಜ.

ದಿನ 3: ದೇವಿಮನೆ ಘಾಟ್, ಕುಮಟಾ, ಮುರ್ಡೇಶ್ವರ

ಘಾಟಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ. ಜೆಸಿಬಿಗಳ ಹಿಂದೆ ಅರ್ಧ ಗಂಟೆ ನಿಂತೆವು. ಹಳದಿ ತೋಳುಗಳು ಎದ್ದು ಇಳಿಯುವುದನ್ನು ನೋಡುತ್ತಾ ನಾನು ಗೆಳತಿಗೆ ಡೇವ್ ಕೋಲ್ ಅನ್ನುವ ಕಲಾವಿದನ ಕತೆ ಹೇಳಿದೆ. 2005ರಲ್ಲಿ ಅಮೆರಿಕದ ಮಾಸ್ ಮೋಕಾ ಮ್ಯೂಸಿಯಂ ಅಂಗಳದಲ್ಲಿ ಅವರು ಎರಡು ಇಂಥ ಯಂತ್ರಗಳಿಗೆ ಕಂಬದಂಥ ಕಡ್ಡಿ ಕಟ್ಟಿ, ನಾವು ಸ್ವೆಟರ್ ಹಾಕುವ ಹಾಗೇ ದೇಶದ ಬಾವುಟವನ್ನು ಹೆಣೆಸಿದರು. ಹೊಲಿಗೆ ಅದೇ. ಅಜ್ಜಿ ಕುರ್ಚಿಯಲ್ಲಿ ಕೂತು ಹಾಕುವ ಸುಲ್ಟಾ ಹೊಲಿಗೆ. ಕೈ ಮಾತ್ರ ಯಂತ್ರದ್ದು. "ಒಂದು ಹೊಲಿಗೆ ಜಾರಿದರೆ ಎತ್ತಲು ಯಾರನ್ನು ಕರೀಬೇಕು?" ಅಂತ ಗೆಳತಿ ಕೇಳಿದಳು. ಹೆಣಿಗೆ ಹಾಕುವವರಿಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

ಇದೇ ಘಾಟಿಯಲ್ಲಿ ಒಂದು ಕಾಲಕ್ಕೆ ಎತ್ತು, ಗಾಡಿಗಳ ಮೇಲೆ ಧಾರವಾಡದ ಹತ್ತಿ ಇಳಿಯುತ್ತಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಒಳಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಆಗ ಎಲ್ಲರ ಕಣ್ಣೂ ಇಲ್ಲಿಯ ಹತ್ತಿಯ ಮೇಲೆ. ಹಡಗು ಹತ್ತುತ್ತಿದ್ದುದು ಕುಮಟಾದಲ್ಲಿ, ಹಾಗಾಗಿ ಬೆಳೆದಿದ್ದು ಧಾರವಾಡ ಕಡೆಯಾದರೂ ಹತ್ತಿಗೆ ಕುಮಟಾದ ಹೆಸರೇ ಅಂಟಿತು. ಈ ಹತ್ತಿಯ ಒತ್ತಡದ ನಡುವೆಯೇ 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಈ ಜಿಲ್ಲೆಯ ಹಣೆಬರಹದಲ್ಲೇ ನೂಲಿದೆ ಅಂತ ನನಗೆ ಅನಿಸಿದ್ದು ಹತ್ತಿ ಇಲ್ಲದ ಕುಮಟಾ ಪೇಟೆಯಲ್ಲಿ ನಿಂತಾಗ.

ಮುರ್ಡೇಶ್ವರಕ್ಕೆ ಹೋಗುವಷ್ಟರಲ್ಲಿ ಕತ್ತಲೆ. ಬಂಗಡೆ ಸಾರು, ಅನ್ನ, ನಿದ್ದೆ.

ದಿನ 4: ನೇತ್ರಾಣಿ

ಬೆಳಿಗ್ಗೆ ದೋಣಿ ಹತ್ತಿದೆವು. ನೇತ್ರಾಣಿ ದ್ವೀಪ ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆ. ಒಂದು ಗಂಟೆಗೂ ಜಾಸ್ತಿ ಪ್ರಯಾಣ. ಮಳೆಗಾಲದಲ್ಲಿ ಇದೆಲ್ಲ ಬಂದ್, ಈಗ ನೀರು ತಿಳಿ. ಲೈಫ್ ಜಾಕೆಟ್ ಹಾಕಿಕೊಂಡು, ಬಾಯಿಗೆ ಕೊಳವೆ ಕಚ್ಚಿಕೊಂಡು, ಮುಖ ಕೆಳಗೆ ಮಾಡಿ ತೇಲುವುದು. ನಾನು ಇಷ್ಟು ದೂರ ಬಂದಿದ್ದು ಹವಳ ನೋಡಲು.

ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಅಂತ ಆಸ್ಟ್ರೇಲಿಯಾದ ಅಕ್ಕತಂಗಿಯರು. ಅವರು ಬೆಳೆದ ಕ್ವೀನ್ಸ್‌ಲ್ಯಾಂಡಿನ ಕಡಲಿನಲ್ಲೇ ಇರುವುದು ಗ್ರೇಟ್ ಬ್ಯಾರಿಯರ್ ರೀಫ್. ನೀರು ಬಿಸಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಅದರ ದುಃಖಕ್ಕೆ ಅಕ್ಕತಂಗಿಯರು 2005ರಲ್ಲಿ ಲಾಸ್ ಏಂಜಲೀಸಿನ ಮನೆಯಲ್ಲಿ ಕೂತು ಕ್ರೋಶಾದಲ್ಲಿ ಹವಳ ಹಾಕಲು ಶುರು ಮಾಡಿದರು. ಸೂತ್ರ ಟೈಮಿನಾ ಅವರದ್ದೇ. ಆದರೆ ಲೆಕ್ಕವನ್ನು ಅಲ್ಲಲ್ಲಿ ಬೇಕೆಂದೇ ತಪ್ಪಿಸಿದರು. ಆಗ ಹೊಲಿಗೆ ಇನ್ನೂ ಜೀವಂತವಾಗಿ ಕಾಣತೊಡಗಿತು. ಆಮೇಲೆ ಬೇರೆ ಬೇರೆ ಊರಿನ ಸಾವಿರಾರು ಜನ, ಬಹುತೇಕ ಹೆಂಗಸರು, ತಮ್ಮ ತಮ್ಮ ಊರಿನ ಹವಳದ ದಿಬ್ಬ ಹಾಕಿದರು. 2019ರಲ್ಲಿ ಆ ಉಲ್ಲನ್ ಕಡಲು ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನಕ್ಕೆ ಹೋಯಿತು.

ನೇತ್ರಾಣಿಯಲ್ಲಿ ನಾನು ತೇಲಿದ ಜಾಗದಲ್ಲಿ ಝಾಲರಿಯ ಹವಳ ಕಾಣಲಿಲ್ಲ. ಬಂಡೆಗೆ ಅಂಟಿಕೊಂಡ ದುಂಡು ದುಂಡು ಗಡ್ಡೆಗಳು. ತಿಳಿ ಕಂದು, ಅಲ್ಲಲ್ಲಿ ಹಸಿರು. ಆದರೆ ಕಣ್ಣು ಹೊಂದಿಕೊಂಡ ಮೇಲೆ ಮೇಲ್ಮೈ ಕಂಡಿತು. ತುಂಬ ಸಣ್ಣ ಗುಳಿಗಳು, ಒಂದರ ಪಕ್ಕ ಒಂದು. ಬಿಡದೆ ಹಾಕಿದ ಸಾದಾ ಹೊಲಿಗೆಯ ಹಾಗೆ. ಒಂದೊಂದು ಗುಳಿಯಲ್ಲಿ ಒಂದೊಂದು ಜೀವ ಇತ್ತು, ತನ್ನ ಮನೆ ಕಟ್ಟಿತು. ಪಕ್ಕದ್ದೂ ಕಟ್ಟಿತ್ತು. ಗಡ್ಡೆ ಬೆಳೆದಿದ್ದು ಹಾಗೇ.

ಬಂಡೆಯ ಒಂದು ಮೂಲೆಗೆ ಹರಿದ ನೈಲಾನ್ ಬಲೆಯ ತುಂಡೊಂದು ಸಿಕ್ಕಿಕೊಂಡಿತ್ತು. ನಮ್ಮ ಜೊತೆ ಬಂದಿದ್ದ ಹುಡುಗ ಕೆಳಗೆ ಹೋಗಿ ಬಿಡಿಸಿ ತಂದ. ಬಲೆ ಕೊಳೆಯುವುದಿಲ್ಲ, ಹವಳಕ್ಕೆ ಉಜ್ಜಿ ಉಜ್ಜಿ ಗಾಯ ಮಾಡುತ್ತದೆ. ವರ್ಥೈಮ್ ಅಕ್ಕತಂಗಿಯರು ಪ್ಲಾಸ್ಟಿಕ್ ಕಸದಿಂದಲೇ ಒಂದು ದಿಬ್ಬ ಹಾಕಿದ್ದಾರೆ, ವಿಷದ ದಿಬ್ಬ. ಅದರ ಚಿತ್ರ ನೋಡಿ ಮೊದಲು ನಾನು ಇಷ್ಟಪಟ್ಟಿರಲಿಲ್ಲ. ಆ ಹಸಿರು ನೈಲಾನ್ ತುಂಡನ್ನು ಕೈಯಲ್ಲಿ ಹಿಡಿದ ಮೇಲೆ ಯಾಕೆ ಹಾಕಿದರು ಅಂತ ಗೊತ್ತಾಯಿತು. ತುಂಡನ್ನು ತೊಳೆದು ಚೀಲದಲ್ಲಿಟ್ಟೆ.

ಸಂಜೆ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಮೇಣದ ದಾರಕ್ಕೆ ಗಂಟು ಹಾಕಿ ಬಳೆ ಮಾಡಿ ಮಾರುವವರನ್ನು ನೋಡಿದೆವು. ಕೈ ಚೆನ್ನಾಗಿದೆ. ಎಲ್ಲ ಊರಿನ ಬೀಚಿನಲ್ಲೂ ಸಿಗುವಂಥದ್ದೇ ಅನಿಸಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ರಾತ್ರಿ ಅಂಕೋಲಾ, ಗೆಳತಿಯ ಮನೆ.

ದಿನ 5: ಕಾರವಾರ

ಬೈತಖೋಲ್ ಬಂದರಿನಲ್ಲಿ ಬೋಟುಗಳ ಪಕ್ಕ ಬಲೆಯ ಗುಡ್ಡಗಳು. ನೀಲಿ, ಹಸಿರು, ಇಟ್ಟಿಗೆ ಬಣ್ಣ. ನಡುವೆ ಗಂಡಸರು ಕಾಲು ಚಾಚಿ ಕೂತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದುಕೊಂಡು ಹರಿದಲ್ಲಿ ಕಟ್ಟುತ್ತಿದ್ದರು. ಇಬ್ಬರು ಮಕ್ಕಳು ಒಂದು ಗುಡ್ಡದ ಮೇಲಿಂದ ಉರುಳಿ ಬೀಳುತ್ತಿದ್ದರು, ಹತ್ತಿ ಮತ್ತೆ ಉರುಳುತ್ತಿದ್ದರು. ತೋಶಿಕೊ ಹೋರಿಯುಚಿ ಮ್ಯಾಕ್ಆಡಮ್ ಇದನ್ನು ನೋಡಬೇಕಿತ್ತು. ಜಪಾನಿನ ಈ ಕಲಾವಿದೆ ತಾವು ಹಾಕಿದ ದೊಡ್ಡ ಜಾಲರಿಯನ್ನು ಗ್ಯಾಲರಿಯಲ್ಲಿ ತೂಗುಹಾಕಿದ್ದಾಗ ಮಕ್ಕಳು ಹತ್ತಿ ಜಿಗಿದರಂತೆ. ಬೇರೆಯವರಾದರೆ ಗದರಿಸುತ್ತಿದ್ದರು. ಇವರು ಅವತ್ತಿನಿಂದ ಮಕ್ಕಳು ಜಿಗಿಯಲೆಂದೇ ನೈಲಾನಿನಲ್ಲಿ ಕ್ರೋಶಾ ಹಾಕುತ್ತಾ ಬಂದರು. ಕೋಣೆಯಷ್ಟು ದೊಡ್ಡದು, ಕಾಮನಬಿಲ್ಲಿನ ಬಣ್ಣ. ಜಪಾನಿನ ಹಕೋನೆಯ ಬಯಲು ಮ್ಯೂಸಿಯಂನಲ್ಲಿ 2009ರಿಂದ ಅಂಥದ್ದೊಂದಿದೆ.

ಮಧ್ಯಾಹ್ನ ಟ್ಯಾಗೋರ್ ಬೀಚಿನಲ್ಲಿ ಸ್ವಲ್ಪ ಹೊತ್ತು ಕೂತೆವು. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಮೊದಲಲ್ಲಿ, ಇಪ್ಪತ್ತರ ಆಸುಪಾಸಿನ ರವೀಂದ್ರರು ಬಂದು ಉಳಿದಿದ್ದರು. ಅವರು ಮುಂದೆ ಕಟ್ಟಿದ ಶಾಂತಿನಿಕೇತನದಲ್ಲಿ ಚಿತ್ರ ಕಲಿಸಿದವರು ಬಿನೋದ್ ಬಿಹಾರಿ ಮುಖರ್ಜಿ. ಅವರ ಮಗಳೇ ಮೃಣಾಲಿನಿ. ದಾರ ಎಲ್ಲಿಂದ ಎಲ್ಲಿಗೋ ಹೋಗಿ ಬರುತ್ತದೆ.

ಆಮೇಲೆ ಕಾಳಿ ನದಿ ದಾಟಿ ಮಾಜಾಳಿ ಕಡೆ ಹೋದೆವು. ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದುಬಿತ್ತಲ್ಲ, ಈಗ ಹೊಸದರ ಮೇಲೇ ಎಲ್ಲ. ದಡದ ತೆಂಗಿನ ಮರದ ಕೆಳಗೆ ಒಬ್ಬ ಅಜ್ಜ ಬೀಸುಬಲೆ ಕಟ್ಟುತ್ತಿದ್ದರು. ಗೆಳತಿ ಟೀಚರು ಅಂತ ತಿಳಿದು ಇಬ್ಬರಿಗೂ "ಬನ್ನಿ ಅಕ್ಕೋರೆ, ಕೂತ್ಕಳಿ" ಅಂದರು.

ಅವರ ಬಾಯಿಂದ ಮೊದಲು ಬಂದಿದ್ದು ರಂಪಣಿಯ ಮಾತು. ಒಂದು ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ದೊಡ್ಡ ಬಲೆ ಅದು. ಮನೆಮನೆಯಿಂದ ತಂದ ತುಂಡುಗಳನ್ನು ಕೂಡಿಸಿ ಒಂದು ಬಲೆ. ಬಂಗಡೆ ಹಿಂಡು ಬಂದರೆ ಎಲ್ಲರಿಗೂ ಪಾಲು. 1970ರ ದಶಕದ ಕೊನೆಗೆ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಬಿತ್ತು. ಹೇಳುವಾಗಲೂ ಅವರ ಕೈ ನಿಲ್ಲಲಿಲ್ಲ. ಎಡಗೈಯಲ್ಲಿ ಬಿದಿರಿನ ಪಟ್ಟಿ, ಬಲಗೈಯಲ್ಲಿ ದಾರ ಸುತ್ತಿದ ಚಪ್ಪಟೆ ಸೂಜಿ. ದಾರ ಪಟ್ಟಿಯ ಮೇಲಿಂದ ಇಳಿದು, ಮೇಲಿನ ಕಣ್ಣಿನೊಳಗೆ ಹೋಗಿ, ಹೆಬ್ಬೆರಳಿನ ಅಡಿ ಸಿಕ್ಕಿಕೊಂಡು, ಹಿಂದಿನಿಂದ ಸುತ್ತಿ ಬಂದು ಟಕ್ಕೆಂದು ಬಿಗಿಯುತ್ತದೆ. ಪಟ್ಟಿಯ ಅಗಲವೇ ಕಣ್ಣಿನ ಅಳತೆ. ಹಾಗಾಗಿ ಎಲ್ಲ ಕಣ್ಣೂ ಒಂದೇ ಸಮ.

ಬೀಸುಬಲೆ ಶುರುವಾಗುವುದು ನೆತ್ತಿಯಿಂದ, ಕೆಲವೇ ಕಣ್ಣುಗಳಿಂದ. ಕೆಳಗೆ ಇಳಿಯುತ್ತಾ ಅಗಲ ಆಗಬೇಕಲ್ಲ, ಅದಕ್ಕೆ ಅಲ್ಲಲ್ಲಿ ಒಂದೇ ಕಣ್ಣಿಗೆ ಎರಡು ಸಲ ಗಂಟು ಹಾಕಿ ಕಣ್ಣು ಹೆಚ್ಚಿಸುತ್ತಾರೆ. ನನ್ನ ಮೈ ಜುಮ್ಮೆಂದಿತು. ಇದು ನನ್ನ ಕ್ರೋಶಾ ಗೋಲದ ಲೆಕ್ಕವೇ! ಶಿರಸಿಯಲ್ಲಿ ಹಾಕಿದ್ದ 337 ಹೊಲಿಗೆಯ ಝಾಲರಿಯನ್ನು ಚೀಲದಿಂದ ತೆಗೆದು ಅವರ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. ಬೆರಳಿನಿಂದ ಸಾಲು ಎಣಿಸಿದರು.

"ಕಣ್ಣು ಜಾಸ್ತಿ ಕೊಟ್ರಿ ಅಕ್ಕೋರೆ. ಬಲೆ ಹೀಗಾದ್ರೆ ಬೀಸಿದಾಗ ಬಿಚ್ಕಳೂದಿಲ್ಲ."

ಅತ್ತೆಯದ್ದೇ ಮಾತು. ನಾನು ಅವರಿಗೆ ಜಾನೆಟ್ ಎಕಲ್ಮನ್ ಕತೆ ಹೇಳಿದೆ. 1997ರಲ್ಲಿ ಅಮೆರಿಕದಿಂದ ಈ ಚಿತ್ರಗಾರ್ತಿ ನಮ್ಮ ದೇಶಕ್ಕೆ ಬಂದರು. ಪ್ರದರ್ಶನದ ದಿನ ಹತ್ತಿರ ಬಂದರೂ ಹಡಗಿನಲ್ಲಿ ಕಳಿಸಿದ್ದ ಬಣ್ಣ ಬರಲಿಲ್ಲ. ಮಹಾಬಲಿಪುರದ ದಡದಲ್ಲಿ ಸಂಜೆ ಹೊತ್ತು ಮೀನುಗಾರರು ಬಲೆ ಮಡಚಿ ರಾಶಿ ಹಾಕುವುದನ್ನು ನೋಡುತ್ತಿದ್ದವರಿಗೆ ಇದೇ ನನ್ನ ಶಿಲ್ಪ ಅಂತ ಹೊಳೆಯಿತು. ಅಲ್ಲಿಯ ಮೀನುಗಾರರ ಜೊತೆ ಕೂತು ಬಲೆ ಕಟ್ಟಿ ಕಂಬಕ್ಕೆ ಎತ್ತಿದರು. ಈಗ ದೊಡ್ಡ ದೊಡ್ಡ ಪಟ್ಟಣಗಳ ಬೀದಿಯ ಮೇಲೆ ಅವರ ಬಲೆ ತೂಗುತ್ತದೆ. 2015ರಲ್ಲಿ ಬಾಸ್ಟನ್ನಿನಲ್ಲಿ ಎತ್ತಿದ್ದಕ್ಕೆ ಸುಮಾರು ಐದು ಲಕ್ಷ ಗಂಟು, 160 ಕಿಲೋಮೀಟರಿನಷ್ಟು ದಾರ. ಫೋನಿನಲ್ಲಿ ಚಿತ್ರ ತೋರಿಸಿದೆ.

ಅಜ್ಜ ಫೋನನ್ನು ನೆರಳಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದ್ರಲ್ಲಿ ಮೀನು?"

"ಮೀನಿಲ್ಲ ಅಜ್ಜಾ. ಗಾಳಿ. ಗಾಳಿ ಬಂದಾಗ ಅಲೆ ಥರ ಆಡ್ತದೆ."

"ಹಂಗಾರೆ ಕಣ್ಣು ದೊಡ್ಡ ಇಟ್ಟಿರ್ಬೇಕು. ಗಾಳಿ ದಾಟಿ ಹೋಗ್ಬೇಕಲ್ಲ. ಇಲ್ದಿದ್ರೆ ಹಾಯಿ ಆಗಿ ಕಂಬನೇ ಕಿತ್ಕಂಡು ಹೋಗ್ತದೆ."

ಅಂಥ ಬಲೆ ಅಷ್ಟೆತ್ತರದಲ್ಲಿ ನಿಲ್ಲುವುದೇ ಆ ಕಾರಣಕ್ಕೆ. ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.

ನನಗೆ ಒಂದು ಆಸೆ ಇತ್ತು. ಕೇಳಲೋ ಬೇಡವೋ ಅಂತ ನೋಡಿ ಕೊನೆಗೆ ಕೇಳಿಯೇ ಬಿಟ್ಟೆ. "ಅಜ್ಜಾ, ಕಣ್ಣು ಜಾಸ್ತಿ ಆದ ಬಲೆ ಒಂದು ಸಣ್ಣದು ಕಟ್ಟಿ ತೋರಿಸ್ತೀರಾ? ಪ್ರತಿ ಸುತ್ತಿಗೂ ಎರಡರಷ್ಟು."

"ಅದು ಎಂತಕ್ಕೂ ಬರೂದಿಲ್ಲ" ಅಂದರು. ಆದರೆ ಕೈಯಲ್ಲಿದ್ದ ಬಲೆಯನ್ನು ಪಕ್ಕಕ್ಕಿಟ್ಟು ಸಣ್ಣ ಪಟ್ಟಿ ತಗೊಂಡರು.

ಹತ್ತು ಕಣ್ಣು. ಇಪ್ಪತ್ತು. ನಲವತ್ತು. ಎಂಬತ್ತಕ್ಕೆ ಬಲೆ ಅವರ ಮೊಣಕಾಲಿನ ಮೇಲೆ ಮಡಿಕೆ ಬೀಳತೊಡಗಿತು. ನೂರರವತ್ತಕ್ಕೆ ಮಡಿಕೆಯೊಳಗೆ ಮಡಿಕೆ. ಬಿಳಿ ನೈಲಾನ್, ಬೆಳಕು ಒಳಗೆ ಸಿಕ್ಕಿಕೊಂಡ ಹಾಗೆ ಕಾಣುತ್ತಿತ್ತು. ಅಜ್ಜ ಅದನ್ನು ಎತ್ತಿ ಕೊಡವಿದರು. ಮತ್ತೆ ಅಲೆಯಾಗಿಯೇ ಕೂತಿತು. ಇನ್ನೊಂದು ಸಲ ಕೊಡವಿದರು.

ಹೊತ್ತು ಇಳಿದಿತ್ತು. ನನ್ನ ಬಸ್ಸಿಗೆ ತಡ ಆಗುತ್ತಿತ್ತು. "ಸಾಕು ಅಜ್ಜಾ, ಇಷ್ಟು ತೋರಿಸಿದ್ದೇ ದೊಡ್ಡದು" ಅಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸೂಜಿಯಲ್ಲಿ ದಾರ ಮುಗಿದಿತ್ತು. ಉಂಡೆಯನ್ನು ಹತ್ತಿರ ಎಳೆದುಕೊಂಡು ಸೂಜಿಗೆ ಮತ್ತೆ ದಾರ ಸುತ್ತತೊಡಗಿದರು.